ಟಾಪಿಕ್ ಇದೆ, ಪ್ರಾಬ್ಲಂ ಎಲ್ಲಿ ಅಂತ ಕೇಳುತ್ತಿದ್ದಾರೆ: ಪಿಎಚ್‌ಡಿ ಸಿನಾಪ್ಸಿಸ್‌ಗೆ ಸಲಹೆ ಬೇಕು

ಪರ್ಪಲ್ ಲೈನ್ · ಮಂಗಳವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಗರದ ಒಂದು ಪ್ರಥಮ ದರ್ಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಪಾರ್ಟ್ ಟೈಮ್ ಪಿಎಚ್‌ಡಿಗೆ ಸೇರಿದ್ದೇನೆ. ಕೋರ್ಸ್‌ವರ್ಕ್ ಮುಗಿಯಿತು, ಈಗ ಸಿನಾಪ್ಸಿಸ್, ಅಂದರೆ ಏನು ಸಂಶೋಧನೆ ಮಾಡುತ್ತೇನೆ ಅನ್ನುವ ರೂಪರೇಷೆ, ಕೊಡಬೇಕು. ನನ್ನ ಶೀರ್ಷಿಕೆ ಹೀಗಿದೆ:

"ಮಹಿಳಾ ಸಬಲೀಕರಣದಲ್ಲಿ ಶಕ್ತಿ ಯೋಜನೆಯ ಪಾತ್ರ: ಬೆಂಗಳೂರು ನಗರ ಜಿಲ್ಲೆಗೆ ಸಂಬಂಧಿಸಿದಂತೆ ಒಂದು ಸಮಾಜಶಾಸ್ತ್ರೀಯ ಅಧ್ಯಯನ."

ಸಲಹಾ ಸಮಿತಿ ಮುಂದೆ ಇಟ್ಟೆ. ಹೊರಗಿನಿಂದ ಬಂದಿದ್ದ ಸದಸ್ಯರೊಬ್ಬರು ಸ್ವಲ್ಪ ಹೊತ್ತು ಕೇಳಿ, "ಟಾಪಿಕ್ ಚೆನ್ನಾಗಿದೆಯಮ್ಮಾ, ಪ್ರಾಬ್ಲಂ ಎಲ್ಲಿದೆ?" ಅಂದರು. ನಾನು ಲಿಂಗ ತಾರತಮ್ಯ, ಬೆಲೆ ಏರಿಕೆ ಅಂತೆಲ್ಲ ಶುರು ಮಾಡಿದೆ. "ಅದು ನಾಡಿನ ಪ್ರಾಬ್ಲಂ. ನಿಮ್ಮದು ಯಾವುದು?" ಅಂತ ನಿಲ್ಲಿಸಿಬಿಟ್ಟರು. ಗೈಡ್ ಏನೂ ಮಾತಾಡಲಿಲ್ಲ. ಮುಂದಿನ ಸಭೆಗೆ ತಿದ್ದಿ ತರಬೇಕಂತೆ.

ಮೆಥಡಾಲಜಿ ಪುಸ್ತಕ ತೆಗೆದರೆ "ಸಮಸ್ಯೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟವಾಗಿರಬೇಕು" ಅಂತ ಇದೆ. ಸರಿ, ಇರಬೇಕು. ಅದನ್ನು ಹುಡುಕುವುದು ಹೇಗೆ ಅಂತ ಎಲ್ಲೂ ಇಲ್ಲ. ಮಾಡಿದವರು ಯಾರಾದರೂ ಹೇಳಿ.

ಹನ್ನೊಂದನೇ ಸೆಮಿಸ್ಟರ್ · 9:31

ಮೇಡಂ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. "ಪಾತ್ರ" ತೆಗೆದು "ಪರಿಣಾಮ" ಅಂತ ಹಾಕಿ. ಕೊನೆಗೆ "ಒಂದು ವಿಶ್ಲೇಷಣೆ" ಅಂತ ಸೇರಿಸಿ. ಆ ಹೊರಗಿನವರು ಮುಂದಿನ ಸಭೆಗೆ ಬರುವುದೇ ಅನುಮಾನ. ಒಂದಷ್ಟು ಪ್ರಶ್ನಾವಳಿ ಹಂಚಿ, ಪರ್ಸೆಂಟೇಜ್ ಹಾಕಿ, ಬೈಂಡಿಂಗ್ ಮಾಡಿಸಿ. ಎಲ್ಲರೂ ಮಾಡುವುದು ಇದನ್ನೇ.

ಅಂಕಿಗಿಂಕಿ · 9:44

ಪ್ರಶ್ನಾವಳಿಯಲ್ಲಿ ಏನಂತ ಕೇಳುತ್ತೀರಿ ಗುರು? "ಶಕ್ತಿ ಯೋಜನೆಯಿಂದ ನಾನು ಸಬಲಳಾಗಿದ್ದೇನೆ: ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ" ಅಂತಲಾ? ಬಸ್ ಸ್ಟಾಪಿನಲ್ಲಿ ಚೀಲ ಹಿಡಿದು ನಿಂತ ಹೆಂಗಸಿಗೆ ಈ ಹಾಳೆ ತೋರಿಸಿದರೆ "ಹೂಂ ಬರ್ಕೊಳಮ್ಮಾ" ಅನ್ನುತ್ತಾಳೆ. ನಿಮ್ಮ ಟೇಬಲ್ಲಿನಲ್ಲಿ ಎಲ್ಲರೂ ಸಬಲರು. ಅವಳ ಬಸ್ಸು ಮಾತ್ರ ಇನ್ನೂ ಬಂದಿರುವುದಿಲ್ಲ.

ನಿವೃತ್ತ ಮೇಷ್ಟ್ರು · 10:20

ಅಮ್ಮಾ, ಆ ಹೊರಗಿನ ಸದಸ್ಯರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತಿದ್ದೆ. ಶೀರ್ಷಿಕೆಯ ಕೆಳಗೆ ನಿಮಗೆ ಸಿಗಬಹುದಾದ ಉತ್ತರಗಳನ್ನೆಲ್ಲ ಬರೆಯಿರಿ ಅಂತ. ಎರಡೋ ಮೂರೋ ಬೇರೆ ಬೇರೆ ಉತ್ತರ ಬರೆಯಲು ಆದರೆ ಅಲ್ಲೊಂದು ಪ್ರಶ್ನೆ ಇದೆ. ಒಂದೇ ಉತ್ತರ ಬಂದರೆ ಇಲ್ಲ. "ಸಬಲೀಕರಣದಲ್ಲಿ ಶಕ್ತಿಯ ಪಾತ್ರ" ಅನ್ನುವುದಕ್ಕೆ ಏನು ಉತ್ತರ ಬರುತ್ತದೆ? "ಪಾತ್ರ ಇದೆ." ಇವತ್ತೂ ಅಷ್ಟೇ, ಮುನ್ನೂರು ಪುಟ ಬರೆದ ಮೇಲೂ ಅಷ್ಟೇ. ಪಾತ್ರ ಇಲ್ಲ ಅಂತ ತೀರ್ಮಾನ ಕೊಟ್ಟ ಪ್ರಬಂಧ ನನ್ನ ಸರ್ವಿಸ್‌ನಲ್ಲಿ ನಾನು ನೋಡಿಲ್ಲ.

ಇನ್ನೊಂದು ವಿಷಯ. "ಈ ಬಗ್ಗೆ ಬೆಂಗಳೂರಿನಲ್ಲಿ ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ" ಅಂತ ಸಿನಾಪ್ಸಿಸ್‌ನಲ್ಲಿ ಬರೆದಿದ್ದೀರಾ? ಬರೆದಿದ್ದರೆ ತೆಗೆಯಿರಿ. ಯಾರೂ ಮಾಡಿಲ್ಲ ಅನ್ನುವುದು ಕಾರಣ ಆಗುವುದಿಲ್ಲ. ಮಾಡುವ ಅಗತ್ಯ ಕಾಣದೆ ಬಿಟ್ಟಿರಬಹುದು. ಮೈಸೂರಿನಲ್ಲಿ ಮಾಡಿದ್ದನ್ನು ಯಲಹಂಕದಲ್ಲಿ ಮಾಡಿದರೆ ತಾಲ್ಲೂಕು ಬದಲಾಗುತ್ತದೆ, ಅಷ್ಟೇ. ಯಲಹಂಕದಲ್ಲಿ ಬೇರೆ ಉತ್ತರ ಬರಬಹುದು ಅನ್ನಲು ಒಂದು ಕಾರಣ ಬೇಕಲ್ಲ? ಆ ಕಾರಣ ಇದ್ದರೆ ಅದೇ ನಿಮ್ಮ ಸಮಸ್ಯೆ.

ಈಗ ಪುಸ್ತಕ ಮುಚ್ಚಿಡಿ. ನೀವು ದಿನಾ ಓಡಾಡುವವರು. ಶಕ್ತಿ ಬಂದ ಮೇಲೆ ಬಸ್ಸಿನ ವಿಷಯದಲ್ಲಿ ಕಣ್ಣಿಗೆ ಬಿದ್ದ, ಆದರೆ "ಯಾಕೆ ಹೀಗೆ?" ಅಂತ ಉತ್ತರ ಸಿಗದ ಒಂದು ಸಂಗತಿ ಹೇಳಿ.

ಟೆಕ್ಕಿ ತಮ್ಮ · 10:32

ಇಷ್ಟೆಲ್ಲ ಯಾಕೆ ಸರ್? ಚಾಟ್‌ಜಿಪಿಟಿಗೆ "ರಿಸರ್ಚ್ ಗ್ಯಾಪ್ ಕೊಡು" ಅಂದರೆ ಕೂಡಲೇ ಹತ್ತು ಕೊಡುತ್ತದೆ.

ಅಂಕಿಗಿಂಕಿ · 10:38

ಕೊಡುತ್ತದೆ. ಹಿಂದೆಯೇ ಇಲ್ಲದ ಲೇಖನಗಳ ಹೆಸರನ್ನೂ ಕೊಡುತ್ತದೆ. ಓದಿದ್ದನ್ನು ಜೋಡಿಸಿ ನೋಡಲು, ಪ್ರಶ್ನೆಯ ಭಾಷೆ ತಿದ್ದಲು ಬಳಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದು ಬಸ್ ಸ್ಟಾಪಿನಲ್ಲಿ ನಿಂತಿಲ್ಲ ತಮ್ಮಾ. ಯಾರು ಏನು ಮಾಡಿದ್ದಾರೆ ಅಂತ ನೋಡಬೇಕಾದರೆ ಶೋಧಗಂಗಾ ಇದೆ. ಮುಗಿದ ಪ್ರಬಂಧಗಳು ಅಲ್ಲಿ ಸಿಗುತ್ತವೆ. ನಡೆಯುತ್ತಿರುವ ಕೆಲಸದ ಸಿನಾಪ್ಸಿಸ್‌ಗಳಿಗೆ ಶೋಧಗಂಗೋತ್ರಿ ಇದೆ. ಎರಡೂ ಉಚಿತ. ಶೋಧಗಂಗಾದಲ್ಲಿ ಸುಮ್ನೆ "ಸಬಲೀಕರಣ" ಅಂತ ಹುಡುಕಿ ನೋಡಿ, ಸಾಕೋ ಸಾಕು ಅನ್ನಿಸುತ್ತದೆ. ಶೀರ್ಷಿಕೆ ಓದಿ ಬಿಡಬೇಡಿ. ನೇರ ಕೊನೆಯ ಅಧ್ಯಾಯಕ್ಕೆ ಹೋಗಿ, "ಮುಂದಿನ ಅಧ್ಯಯನಕ್ಕೆ ಸಲಹೆಗಳು" ಓದಿ. ಕೆಲವರು ತಮಗೆ ಕೈಗೂಡದ ಪ್ರಶ್ನೆಯನ್ನು ಅಲ್ಲಿ ನಿಜವಾಗಿ ಬಿಟ್ಟುಹೋಗಿರುತ್ತಾರೆ.

ಕೆರೆ ಏರಿ · 10:55

ನಾನು ಸಮಾಜಶಾಸ್ತ್ರದವನಲ್ಲ, ಪರಿಸರ ವಿಜ್ಞಾನ. ನಮ್ಮಲ್ಲೂ ಇದೇ ಕಥೆ. "ಬೆಂಗಳೂರಿನ ಆಯ್ದ ಕೆರೆಗಳ ನೀರಿನ ಗುಣಮಟ್ಟ" ಅಂತ ಪ್ರಬಂಧಗಳು ರಾಶಿ ಬಿದ್ದಿವೆ. ಬಾಟಲಿಯಲ್ಲಿ ನೀರು ಹಿಡಿ, ಪಿಎಚ್ ನೋಡು, ಕರಗಿದ ಆಮ್ಲಜನಕ ನೋಡು, ಬಿಒಡಿ ನೋಡು. ಕೊನೆಗೆ "ನೀರು ಕಲುಷಿತವಾಗಿದೆ" ಅಂತ ಬರೆ. ಬೆಳ್ಳಂದೂರು ಕೆರೆ ಕಲುಷಿತ ಅಂತ ಹೇಳಲು ಲ್ಯಾಬ್ ಬೇಕಾ? ಮೂಗು ಸಾಕು. 2017ರ ಫೆಬ್ರುವರಿಯಲ್ಲಿ ಆ ಕೆರೆಗೆ ಬೆಂಕಿಯೇ ಹತ್ತಿಕೊಂಡಿತ್ತು.

ಅದೇ ಕೆರೆಯ ನೊರೆ ತೆಗೆದುಕೊಳ್ಳಿ. ಬಟ್ಟೆ ತೊಳೆಯುವ ಸೋಪು, ಡಿಟರ್ಜೆಂಟು ಸೇರಿದ ಚರಂಡಿ ನೀರು ಕೆರೆಗೆ ಬರುತ್ತದೆ, ಅದಕ್ಕೇ ನೊರೆ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಆದರೆ ಒಂದು ಸಂಗತಿ ಇದಕ್ಕೆ ಹೊಂದುತ್ತಿರಲಿಲ್ಲ. ಜೋರು ಮಳೆ ಬಂದ ಮೇಲೆ ನೊರೆ ಜಾಸ್ತಿ ಆಗುತ್ತಿತ್ತು. ಯೋಚನೆ ಮಾಡಿ. ಮಳೆ ನೀರು ಸೇರಿದರೆ ಸೋಪು ತೆಳುವಾಗಬೇಕು, ನೊರೆ ಇಳಿಯಬೇಕು. ಏರುವುದು ಯಾಕೆ?

ಐಐಎಸ್‌ಸಿಯ ಸಂಶೋಧಕರು ಇದನ್ನು ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದರು. ಸೋಪಿನ ಅಂಶದ ಒಂದು ಪಾಲು ಕೆರೆಯ ತಳದ ಹೂಳಿಗೆ ಅಂಟಿಕೊಂಡು ಕೂತಿರುತ್ತದೆ. ದೊಡ್ಡ ಮಳೆ ಬಂದಾಗ ಹೂಳು ಕದಡಿ ಅದು ಮೇಲೆ ಬರುತ್ತದೆ. ಆ ನೀರು ಕೋಡಿಯಲ್ಲಿ ಧುಮುಕುವಾಗ ನೊರೆ ಏಳುತ್ತದೆ. ಇದು ಗೊತ್ತಾದ ಮೇಲೆ ಪರಿಹಾರದ ದಾರಿಯೂ ಬದಲಾಗುತ್ತದೆ. ಬರುವ ಕೊಳಚೆ ತಡೆದರಷ್ಟೇ ಸಾಲದು, ಹೂಳನ್ನೂ ತೆಗೆಯಬೇಕು.

"ಕೆರೆ ಮಾಲಿನ್ಯ" ಟಾಪಿಕ್. "ಮಳೆ ಬಂದರೆ ನೊರೆ ಇಳಿಯುವ ಬದಲು ಏರುವುದೇಕೆ" ಪ್ರಾಬ್ಲಂ. ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇದೊಂದೇ.

ಶಾಸನದ ಹುಚ್ಚು · 11:15

ಇತಿಹಾಸದವರ ಪರವಾಗಿ ಒಂದು ಮಾತು. ನಮಗೆ ಮಾಪನ ಇಲ್ಲ, ಹೈಪಾಥಿಸಿಸ್ಸೂ ಅಷ್ಟಾಗಿ ಇಲ್ಲ. ಆದರೂ ಲೆಕ್ಕ ಒಂದೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಮಲ್ಲೇಶ್ವರ ಬಸವನಗುಡಿ ಬೆಳೆದವು ಅಂತ ಎಲ್ಲರೂ ಬರೆಯುತ್ತಾರೆ. ಸರಿ, ಸೈಟು ಕೊಳ್ಳುವ ಶಕ್ತಿ ಇದ್ದವರು ಅತ್ತ ಹೋದರು. ಪೇಟೆಯಲ್ಲೇ ಉಳಿದವರು ಯಾರು, ಯಾಕೆ ಉಳಿದರು? ಹೀಗೆ ಕೇಳಿದ ಕೂಡಲೇ ಹಳೇ ಕಡತಗಳನ್ನೇ ಬೇರೆ ಕಣ್ಣಿನಿಂದ ಓದಬೇಕಾಗುತ್ತದೆ.

ಆದರೆ ಒಂದು ಎಚ್ಚರ. ಪ್ರಶ್ನೆ ಬರೆದು ಆಮೇಲೆ ದಾಖಲೆ ಹುಡುಕಬೇಡಿ. ಮೊದಲು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ ಕ್ಯಾಟಲಾಗ್ ನೋಡಿ. ಆ ವರ್ಷಗಳ ಕಡತ ಇದೆಯೇ, ಓದುವ ಸ್ಥಿತಿಯಲ್ಲಿದೆಯೇ ಅಂತ ತಿಳಿದುಕೊಳ್ಳಿ. ದಾಖಲೆ ಇಲ್ಲದ ಒಳ್ಳೇ ಪ್ರಶ್ನೆಗಳು ನನ್ನ ಹತ್ತಿರ ಬೇಕಾದಷ್ಟಿವೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.

ಪರ್ಪಲ್ ಲೈನ್ · ಬುಧವಾರ ಬೆಳಗ್ಗೆ 7:05

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನೀವು ಕೇಳಿದ್ದಕ್ಕೆ ಉತ್ತರ.

ನಾನು ಮೆಟ್ರೊ ಇಳಿದು ದೊಮ್ಮಲೂರು ಸ್ಟಾಪಿನ ಮೇಲೆ ಹಾದುಹೋಗುತ್ತೇನೆ. ಬೆಳಗಿನ ಹೊತ್ತು ಅಲ್ಲಿ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಿಗೆ ಮನೆಕೆಲಸಕ್ಕೆ ಹೋಗುವ ಹೆಂಗಸರು ನಿಂತಿರುತ್ತಾರೆ. ವಿ-335ಇ ಬರುತ್ತದೆ. ಅದು ವಜ್ರ, ಎಸಿ ಬಸ್ಸು, ಶಕ್ತಿ ನಡೆಯುವುದಿಲ್ಲ. ಯಾರೂ ಅಲ್ಲಾಡುವುದಿಲ್ಲ. ಸಾದಾ 335ಇ ಬಂತೋ, ಎಲ್ಲರೂ ಒಟ್ಟಿಗೆ ಬಾಗಿಲಿಗೆ. ಇದರಲ್ಲಿ ವಿಶೇಷ ಏನಿಲ್ಲ, ಫ್ರೀ ಇರುವ ಬಸ್ಸಿಗೆ ಕಾಯುತ್ತಾರೆ.

ಆದರೆ ಇಬ್ಬರು ಹೆಂಗಸರು ನನಗೆ ಅರ್ಥ ಆಗಿಲ್ಲ. ಒಬ್ಬಾಕೆ ರಾಯಚೂರಿನವಳು. ಆಗಾಗ ದುಡ್ಡು ಕೊಟ್ಟು ವಜ್ರವನ್ನೇ ಹತ್ತುತ್ತಾಳೆ. ಯಾಕೆ ಅಂತ ಕೇಳಿದರೆ, "ಎಂಟೂವರಿಗಿ ಮನಿ ಮುಟ್ಟಲಿಲ್ಲ ಅಂದ್ರ ಬೇರೇದಾಕಿನ್ನ ಇಟ್ಕೋತಾರ್ರಿ" ಅಂದಳು. ಇನ್ನೊಬ್ಬಳು ಅನಂತಪುರದ ಕಡೆಯವಳು. ಇಬ್ಬರದೂ ಅಕ್ಕಪಕ್ಕದ ಶೀಟಿನ ಮನೆ. ಅವಳು ಸಾದಾ ಬಸ್ಸಿನಲ್ಲೂ ಟಿಕೆಟ್ ದುಡ್ಡು ಕೊಡುತ್ತಾಳೆ, ಆಧಾರ್ ಆಂಧ್ರದ್ದು. ಮುಂಚೆ ಇಬ್ಬರೂ ಹತ್ತಿರದ ಮನೆಗಳಿಗೆ ನಡೆದೇ ಹೋಗುತ್ತಿದ್ದರಂತೆ. ಈಗ ರಾಯಚೂರಿನವಳು ದೂರದ ಅಪಾರ್ಟ್‌ಮೆಂಟು ಹಿಡಿದಿದ್ದಾಳೆ, ಅಲ್ಲಿ ಸಂಬಳ ಜಾಸ್ತಿ. ಅನಂತಪುರದವಳು ಕೂಡ ಹೋಗುತ್ತಾಳೆ, ಆದರೆ ಒಂದೇ ಮನೆಗೆ. ಉಳಿದದ್ದೆಲ್ಲ ನಡೆದು ಮುಟ್ಟುವ ದೂರದಲ್ಲೇ.

ಇದು ಪ್ರಬಂಧಕ್ಕೆ ಆಗುವಂಥದ್ದಾ? ತುಂಬಾ ಚಿಕ್ಕದು ಅನ್ನಿಸುತ್ತಿದೆ.

ನಿವೃತ್ತ ಮೇಷ್ಟ್ರು · 7:40

ಚಿಕ್ಕದೇ? ಅಮ್ಮಾ, ನಿಮ್ಮ ಆ ಉದ್ದನೆಯ ಶೀರ್ಷಿಕೆಯಲ್ಲಿ ಇದರ ಕಾಲು ಭಾಗವೂ ಇರಲಿಲ್ಲ.

ನಿಧಾನವಾಗಿ ನೋಡಿ. ಶಕ್ತಿ 2023ರ ಜೂನ್ 11ಕ್ಕೆ ಶುರುವಾಯಿತು. ಕರ್ನಾಟಕದ ವಿಳಾಸ ಇರುವ ಹೆಂಗಸರಿಗೆ ಮಾತ್ರ. ಒಂದೇ ಸಾಲಿನ ಮನೆ, ಒಂದೇ ಸ್ಟಾಪು, ಒಂದೇ ಕೆಲಸ. ಒಬ್ಬಳಿಗೆ ಬಸ್ ಉಚಿತ, ಒಬ್ಬಳಿಗೆ ಇಲ್ಲ. ಸರ್ಕಾರ ತನಗೆ ಗೊತ್ತಿಲ್ಲದೆ ನಿಮಗೆ ಎರಡು ಗುಂಪು ಮಾಡಿಕೊಟ್ಟಿದೆ. ಇಂಥ ಅವಕಾಶ ಸಿಗುವುದು ಅಪರೂಪ.

ಈಗ ಪ್ರಶ್ನೆ ತಾನಾಗಿ ಬರುತ್ತದೆ. ಬಸ್ ಉಚಿತ ಆದಾಗ ಮನೆಕೆಲಸದವರು ಕೆಲಸ ಹುಡುಕುವ ದೂರ ಹೆಚ್ಚಿತೇ? ಹೆಚ್ಚಿದ್ದರೆ ಆದಾಯ ಹೆಚ್ಚಿತೇ, ಇಲ್ಲಾ ಕಾಯುವುದರಲ್ಲೇ ಆ ಹೊತ್ತು ಹೋಯಿತೇ? ಉತ್ತರ ಹೌದು ಆಗಬಹುದು, ಅಲ್ಲ ಆಗಬಹುದು, ದೂರ ಹೆಚ್ಚಿ ಮನೆಗಳ ಸಂಖ್ಯೆ ಕಡಿಮೆ ಆಗಿರಲೂಬಹುದು. ಮೂರೂ ನನಗೆ ಕುತೂಹಲ.

ಬೆಂಚ್ ಲಾಸ್ಟು · 8:02

ಫ್ರೀ ಬಸ್ಸಿನಲ್ಲಿ ಧರ್ಮಸ್ಥಳ, ಹೊರನಾಡು ಸುತ್ತುವುದಕ್ಕೂ ಒಂದು ಪಿಎಚ್‌ಡಿ ಮಾಡಿ. ಟ್ಯಾಕ್ಸ್ ಕಟ್ಟುವವರು ನಾವು.

ನಿರ್ವಾಹಕ · 8:10

ಯೋಜನೆ ಬೇಕೋ ಬೇಡವೋ ಅನ್ನುವ ಜಗಳಕ್ಕೆ ಬೇರೆ ಥ್ರೆಡ್ ಇದೆ. ದಯವಿಟ್ಟು ಅಲ್ಲಿಗೆ ಹೋಗಿ.

ನಿವೃತ್ತ ಮೇಷ್ಟ್ರು · 8:25

ಅವರ ಮಾತಿನಿಂದಲೂ ಒಂದು ಉಪಯೋಗ ಇದೆ. "ಯೋಜನೆ ಬೇಕೇ ಬೇಡವೇ" ಅನ್ನುವುದು ಸಂಶೋಧನೆಯ ಪ್ರಶ್ನೆ ಅಲ್ಲ, ಎಷ್ಟು ಅಂಕಿ ತಂದರೂ ಅದು ತೀರುವುದಿಲ್ಲ. ಯಾವುದಕ್ಕೆ ದುಡ್ಡು ಖರ್ಚು ಮಾಡಬೇಕು ಅನ್ನುವುದು ಅವರವರ ನಿಲುವು. "ಉಚಿತ ಪ್ರಯಾಣದಲ್ಲಿ ಕೆಲಸಕ್ಕೆ ಹೋಗುವ ಪಾಲೆಷ್ಟು, ಬೇರೆ ಓಡಾಟದ ಪಾಲೆಷ್ಟು" ಅಂತ ಕೇಳಿದರೆ ಅದನ್ನು ನೋಡಬಹುದು. ಹೆಂಗಸರು ದೇವಸ್ಥಾನಕ್ಕೆ ಹೋದರೆ ಅದು ಲೆಕ್ಕಕ್ಕಿಲ್ಲದ ಓಡಾಟ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೊರಡಬಾರದು, ಅಷ್ಟೇ.

ಅಂಕಿಗಿಂಕಿ · 9:30

ಮೇಷ್ಟ್ರ ಎರಡು ಗುಂಪಿಗೆ ನನ್ನದೊಂದು ತಕರಾರು. ರಾಯಚೂರಿನವಳಿಗೂ ಅನಂತಪುರದವಳಿಗೂ ಬಸ್ ಟಿಕೆಟ್ ಒಂದೇ ವ್ಯತ್ಯಾಸವಾ? ಭಾಷೆ ಬೇರೆ. ಯಾರು ಯಾರಿಗೆ ಕೆಲಸ ಹೇಳಿಕೊಡುತ್ತಾರೆ ಅನ್ನುವುದು ಬೇರೆ. ಊರಿಗೆ ಹೋಗಿ ಬರುವ ಲೆಕ್ಕ ಬೇರೆ. ಕನ್ನಡ ಬರುವವಳಿಗೆ ದೂರದ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಗೇಟಿನಲ್ಲಿ ಮಾತಾಡುವುದು ಸುಲಭ ಇರಬಹುದು. ಆಗ ನೀವು ಶಕ್ತಿಯ ಫಲ ಅಂದುಕೊಂಡದ್ದು ಕನ್ನಡದ ಫಲ ಆಗಿರುತ್ತದೆ.

ಇದಕ್ಕೆ ಒಂದು ದಾರಿ ಇದೆ. ಇಬ್ಬರನ್ನು ಈಗ ಹೋಲಿಸಿದರೆ ಸಾಲದು. ಒಬ್ಬೊಬ್ಬರೂ 2023ಕ್ಕೆ ಮುಂಚೆ ಎಷ್ಟು ದೂರ ಹೋಗುತ್ತಿದ್ದರು, ಈಗ ಎಷ್ಟು ಅಂತ ಕೇಳಿ. ಆ ಬದಲಾವಣೆಯನ್ನು ಹೋಲಿಸಿ. ಭಾಷೆ ಮುಂಚೆಯೂ ಅದೇ ಇತ್ತು ಅಲ್ವಾ? ಇನ್ನೊಂದು ಅನುಕೂಲ: 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಶಕ್ತಿ ಇದ್ದವರಿಗೆ ಏನೂ ಆಗಲಿಲ್ಲ, ದುಡ್ಡು ಕೊಡುವವರಿಗೆ ಬಿತ್ತು. ಅಂದರೆ ಎರಡು ಗುಂಪಿನ ನಡುವಿನ ಅಂತರ ಎರಡು ಸಲ ಬದಲಾಗಿದೆ. ಎರಡು ಸಲವೂ ಓಡಾಟ ಒಂದೇ ದಿಕ್ಕಿಗೆ ಬದಲಾಗಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕೋರ್ಸ್‌ವರ್ಕಿನಲ್ಲಿ ಫೈನರ್ (FINER) ಅಂತ ಹೇಳಿಕೊಟ್ಟಿರಬೇಕು, ಐದು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಅದು. ಮಾಡಲು ಆಗುವಂಥದ್ದಾ, ಕುತೂಹಲ ಇದೆಯಾ, ಹೊಸತಾ, ನೈತಿಕವಾಗಿ ಸರಿಯಾ, ಪ್ರಸ್ತುತವಾ ಅಂತ ಐದು ಪರೀಕ್ಷೆ. ಅದರಿಂದ ಪ್ರಶ್ನೆ ಹುಟ್ಟುವುದಿಲ್ಲ. ಹುಟ್ಟಿದ ಪ್ರಶ್ನೆಯನ್ನು ಜರಡಿ ಹಿಡಿಯಲು ಚೆನ್ನಾಗಿದೆ.

ಡಿಪೋ ಸುದ್ದಿ · ಮಧ್ಯಾಹ್ನ 1:15

ನಾನು ಬಿಎಂಟಿಸಿ ಕಂಡಕ್ಟರ್. ಓದಿದ್ದು ಪಿಯುಸಿ. ಆದರೂ ಒಂದು ಮಾತು ಹೇಳುತ್ತೇನೆ, ತಪ್ಪಾದರೆ ಬೈಯಬೇಡಿ.

ಪೇಪರಿನಲ್ಲಿ "ಇಷ್ಟು ಕೋಟಿ ಮಹಿಳೆಯರು ಪ್ರಯಾಣಿಸಿದರು" ಅಂತ ಬರುತ್ತದೆ. ಅಷ್ಟು ಜನ ಹೆಂಗಸರು ರಾಜ್ಯದಲ್ಲೇ ಇಲ್ಲ. ಅದು ಟಿಕೆಟಿನ ಲೆಕ್ಕ. ಒಬ್ಬಾಕೆ ಮನೆಯಿಂದ ಮೆಜೆಸ್ಟಿಕ್‌ಗೆ ಒಂದು ಬಸ್, ಅಲ್ಲಿಂದ ಇನ್ನೊಂದು ಬಸ್ ಹತ್ತಿದರೆ ಎರಡು ಶೂನ್ಯ ಟಿಕೆಟ್. ವಾಪಸ್ ಬರುವಾಗ ಇನ್ನೆರಡು. ಜನ ಒಬ್ಬಳೇ, ಲೆಕ್ಕದಲ್ಲಿ ನಾಲ್ಕು. ನೇರ ಬಸ್ ಇರುವ ಏರಿಯಾದಲ್ಲಿ ಲೆಕ್ಕ ಕಡಿಮೆ ಕಾಣುತ್ತದೆ, ಬಸ್ ಬದಲಾಯಿಸಬೇಕಾದ ಏರಿಯಾದಲ್ಲಿ ಜಾಸ್ತಿ. ನೀವು ಈ ಅಂಕಿ ಹಿಡಿದು "ಇಲ್ಲಿ ಹೆಚ್ಚು ಸಬಲೀಕರಣ" ಅಂತ ಬರೆದರೆ ನಾವು ಡಿಪೋದಲ್ಲಿ ನಗುತ್ತೇವೆ.

ಇನ್ನೊಂದು. ಸಾದಾ ಬಸ್ಸು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅನ್ನುವುದು ನಿಮ್ಮ ವಿಷಯಕ್ಕೆ ತುಂಬಾ ಮುಖ್ಯ. ಟಿಕೆಟ್ ಫ್ರೀ ಮಾಡಿ ಬಸ್ ಕಡಿಮೆ ಇದ್ದರೆ ಏನು ಬಂತು? ಅದನ್ನು ಹೆಂಗಸರನ್ನು ಕೇಳಿದರೆ "ಬರೋದೇ ಇಲ್ಲ ಸರ್" ಅನ್ನುತ್ತಾರೆ, ನಮ್ಮನ್ನು ಕೇಳಿದರೆ "ಟೈಮಿಗೆ ಸರಿಯಾಗಿ ಇದೆ" ಅನ್ನುತ್ತೇವೆ. ಷೆಡ್ಯೂಲ್ ತರಿಸಿಕೊಳ್ಳಿ.

ಹನ್ನೊಂದನೇ ಸೆಮಿಸ್ಟರ್ · 1:40

ಕಂಡಕ್ಟರ್ ಸಾಹೇಬ್ರೇ, ನೀವೇ ನಮ್ಮ ಸಮಿತಿಗೆ ಬನ್ನಿ.

ಕೆರೆ ಏರಿ · 2:05

ಷೆಡ್ಯೂಲ್‌ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಮೇಡಂ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ನನಗೆ ಆ ನಿಯಮ ಕಂಡರೆ ಸಿಟ್ಟು. ಆದರೆ ಪ್ರಶ್ನೆ ಕಟ್ಟುವವರಿಗೆ ಅದಕ್ಕಿಂತ ಒಳ್ಳೇ ಅಭ್ಯಾಸ ಇಲ್ಲ. "ಶಕ್ತಿ ಯೋಜನೆಯ ಸಮಗ್ರ ಮಾಹಿತಿ ಕೊಡಿ" ಅಂತ ಬರೆದರೆ "ವೆಬ್‌ಸೈಟ್ ನೋಡಿ" ಅಂತ ಬರುತ್ತದೆ. "335ಇ ಮಾರ್ಗದಲ್ಲಿ 2022ರಿಂದ ಈಚೆಗೆ, ವರ್ಷವಾರು, ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 10ರವರೆಗೆ ಸಾದಾ ಬಸ್ಸಿನ ಟ್ರಿಪ್ ಎಷ್ಟು, ವಜ್ರದ ಟ್ರಿಪ್ ಎಷ್ಟು" ಅಂತ ಕೇಳಿ. ಯಾವ ಊರು, ಯಾವ ಅವಧಿ, ಯಾವ ಲೆಕ್ಕ, ಯಾರ ಬಳಿ ಇದೆ ಅನ್ನುವುದು ಸ್ಪಷ್ಟ ಇಲ್ಲದೆ ಈ ವಾಕ್ಯ ಬರೆಯಲು ಆಗುವುದಿಲ್ಲ. ನಿಮ್ಮ ಸಂಶೋಧನಾ ಪ್ರಶ್ನೆಯನ್ನೂ ಹಾಗೇ ಬರೆದು ನೋಡಿ. ಬರೆಯಲು ಆಗದಿದ್ದರೆ ಇನ್ನೂ ಟಾಪಿಕ್ಕಿನಲ್ಲೇ ಇದ್ದೀರಿ.

ವಿಲ್ಸನ್ ಗಾರ್ಡನ್ · ಸಂಜೆ 6:20

ನಾನು ಮನೆಕೆಲಸದವರ ಸಂಘಟನೆಯೊಂದರ ಜೊತೆ ಓಡಾಡುತ್ತೇನೆ. ಪ್ರಶ್ನೆ ತುಂಬಾ ಇಷ್ಟ ಆಯಿತು. ಆದರೆ ಇದನ್ನು ಕೇಳುವ ರೀತಿಯಲ್ಲಿ ಎಡವಟ್ಟು ಮಾಡಿದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಮೊದಲನೆಯದು, "ನಿಮ್ಮ ಆಧಾರ್ ಯಾವ ರಾಜ್ಯದ್ದು?" ಅಂತ ಯಾರನ್ನೂ ಕೇಳಬೇಡಿ. ಹೊರರಾಜ್ಯದವರು, ಅದರಲ್ಲೂ ಬಂಗಾಳಿ ಮಾತಾಡುವವರು, ಈ ಪ್ರಶ್ನೆ ಕೇಳಿದ ಕೂಡಲೇ ಪೊಲೀಸ್ ಕಡೆಯವರು ಅಂದುಕೊಳ್ಳುತ್ತಾರೆ. ಮರುದಿನ ಆ ಸಾಲಿನಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. "ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡು ಕೊಡ್ತೀರಾ?" ಅಂತ ಕೇಳಿ. ನಿಮಗೆ ಬೇಕಿರುವುದು ಅಷ್ಟೇ ಅಲ್ವಾ?

ದೂರವನ್ನು ಕಿಲೋಮೀಟರಿನಲ್ಲಿ ಕೇಳಬೇಡಿ. ಎಲ್ಲಿ ಹತ್ತುತ್ತೀರಿ, ಎಲ್ಲಿ ಇಳಿಯುತ್ತೀರಿ ಅಂತ ಕೇಳಿ, ಕಿಲೋಮೀಟರು ನೀವು ಮ್ಯಾಪಿನಲ್ಲಿ ಅಳೆದುಕೊಳ್ಳಿ. "2023ಕ್ಕೆ ಮುಂಚೆ" ಅಂದರೆ ಯಾರಿಗೂ ನೆನಪಿರುವುದಿಲ್ಲ. "ಬಸ್ ಫ್ರೀ ಆದಾಗ ದೊಡ್ಡವಳು ಎಷ್ಟನೇ ಕ್ಲಾಸಲ್ಲಿದ್ದಳು? ಆಗ ಯಾವ ಯಾವ ಮನೆ ಮಾಡುತ್ತಿದ್ದಿರಿ?" ಅಂದರೆ ಮನೆ ಮನೆಯಾಗಿ, ಯಜಮಾನಿಯ ಸ್ವಭಾವದ ಸಮೇತ ಹೇಳುತ್ತಾರೆ. ಸಂಬಳದ ವಿಷಯ ಗುಂಪಿನಲ್ಲಿ ಬೇಡ. ಪಕ್ಕದವಳಿಗೆ ಗೊತ್ತಾಗಬಾರದು ಅಂತ ಕಡಿಮೆ ಹೇಳುತ್ತಾರೆ, ಕೆಲವರು ಜಂಬಕ್ಕೆ ಜಾಸ್ತಿ ಹೇಳುತ್ತಾರೆ.

ಆಮೇಲೆ ಹೊತ್ತು. ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮಧ್ಯಾಹ್ನ ಎರಡು ಮನೆಗಳ ನಡುವೆ ಸ್ವಲ್ಪ ಬಿಡುವಿರುತ್ತದೆ, ಅಪಾರ್ಟ್‌ಮೆಂಟಿನ ಹೊರಗೆ ಟೀ ಅಂಗಡಿ ಹತ್ತಿರ ಕೂತಿರುತ್ತಾರೆ. ಇಲ್ಲಾಂದ್ರೆ ಭಾನುವಾರ ಸಂಜೆ ಅವರ ಏರಿಯಾದಲ್ಲೇ.

ಪರ್ಪಲ್ ಲೈನ್ · ಗುರುವಾರ ರಾತ್ರಿ 10:30

ಕೂತು ಬರೆದೆ. ನೋಡಿ ಹೇಳಿ.

"ಶಕ್ತಿ ಯೋಜನೆಯ ಕುರಿತ ಚರ್ಚೆ ಹೆಚ್ಚಾಗಿ ಒಟ್ಟು ಉಚಿತ ಟಿಕೆಟ್‌ಗಳ ಸಂಖ್ಯೆಯ ಮೇಲೆ ನಡೆಯುತ್ತಿದೆ. ಆ ಸಂಖ್ಯೆ ಪ್ರಯಾಣಗಳನ್ನು ಎಣಿಸುತ್ತದೆ, ಪ್ರಯಾಣಿಕರನ್ನಲ್ಲ. ಉಚಿತ ಪ್ರಯಾಣದಿಂದ ಕೆಲಸದ ಆಯ್ಕೆ ಬದಲಾಯಿತೇ ಅನ್ನುವುದು ಅದರಿಂದ ತಿಳಿಯುವುದಿಲ್ಲ. ದೊಮ್ಮಲೂರಿನಿಂದ ಕಾಡುಗೋಡಿಯವರೆಗಿನ ಬಸ್ ಮಾರ್ಗದಲ್ಲಿ ಮನೆಕೆಲಸಕ್ಕೆ ಹೋಗುವ ಮಹಿಳೆಯರಲ್ಲಿ ಉಚಿತ ಪ್ರಯಾಣದ ಸೌಲಭ್ಯ ಇರುವವರು ಮತ್ತು ಇಲ್ಲದವರು ಇದ್ದಾರೆ. 2023ರ ಜೂನ್ ನಂತರ ಈ ಎರಡು ಗುಂಪುಗಳಲ್ಲಿ ಕೆಲಸದ ಮನೆಗಳ ದೂರ, ಮನೆಗಳ ಸಂಖ್ಯೆ, ಬಸ್ಸಿಗೆ ಕಾಯುವ ಸಮಯ ಮತ್ತು ಆದಾಯ ಹೇಗೆ ಬದಲಾಗಿವೆ? ಈ ಬದಲಾವಣೆಯಿಂದ ಮಹಿಳೆಯರ ಬದುಕು ಹೇಗೆ ಸುಧಾರಿಸಿದೆ?"

ನಿವೃತ್ತ ಮೇಷ್ಟ್ರು · 10:52

ಕೊನೆಯ ವಾಕ್ಯ ಹೊಡೆದುಹಾಕಿ. "ಹೇಗೆ ಸುಧಾರಿಸಿದೆ" ಅಂದರೆ ಸುಧಾರಿಸಿದೆ ಅಂತ ಆಗಲೇ ಒಪ್ಪಿದಂತಾಯಿತು. ಹಳೇ ಶೀರ್ಷಿಕೆ ಹಿಂಬಾಗಿಲಿನಿಂದ ಮತ್ತೆ ಬಂದಿದೆ.

"ಆದಾಯ" ಅನ್ನುವಲ್ಲಿ ತಿಂಗಳ ಒಟ್ಟು ಸಂಬಳವೋ ಒಂದು ಗಂಟೆಗೆ ಬೀಳುವ ದುಡ್ಡೋ ಅಂತ ಹೇಳಿ. ದಾರಿಯಲ್ಲಿ ಕಳೆಯುವ ಹೊತ್ತನ್ನೂ ಸೇರಿಸಿ ಗಂಟೆ ಲೆಕ್ಕ ಹಾಕಿದರೆ ಕೆಲವರಿಗೆ ಸಂಬಳ ಏರಿ ಗಂಟೆಯ ದುಡ್ಡು ಇಳಿದಿರಬಹುದು. ನಾನಾಗಿದ್ದರೆ ಇದನ್ನೇ ಮುಖ್ಯ ಮಾಡಿಕೊಳ್ಳುತ್ತಿದ್ದೆ. ಕೆಲಸ ಬಿಟ್ಟವರನ್ನೂ ಮರೆಯಬೇಡಿ. ಸ್ಟಾಪಿನಲ್ಲಿ ನಿಂತವರನ್ನು ಮಾತ್ರ ಕೇಳಿದರೆ ಬಸ್ಸಿಗೆ ಬಾರದೆ ಹೋದವರ ಕಥೆ ಸಿಗುವುದಿಲ್ಲ. ಅದಕ್ಕೆ ವಿಲ್ಸನ್ ಗಾರ್ಡನ್ ಅವರು ಹೇಳಿದ ಹಾಗೆ ಭಾನುವಾರ ಏರಿಯಾಗೇ ಹೋಗಬೇಕು.

ಉಳಿದದ್ದು ಚೆನ್ನಾಗಿದೆ. ಆ ಮೊದಲ ಮೂರು ವಾಕ್ಯ ನಿಮ್ಮ ಸಾಹಿತ್ಯ ವಿಮರ್ಶೆಯ ಅಧ್ಯಾಯವನ್ನೂ ಅರ್ಧ ಬರೆದುಕೊಡುತ್ತವೆ.

ಹನ್ನೊಂದನೇ ಸೆಮಿಸ್ಟರ್ · 11:05

ಎಲ್ಲ ಸರಿ. ಗೈಡ್ ಸಹಿ ಹಾಕಬೇಕಲ್ಲ? ನನ್ನ ಗೈಡ್ ಆಗಿದ್ದರೆ "ಮನೆಕೆಲಸದವರ ಮೇಲೆ ಏನು ಪಿಎಚ್‌ಡಿ" ಅಂತ ಕೇಳುತ್ತಿದ್ದರು. ದೊಡ್ಡ ಪದ ಇಲ್ಲದಿದ್ದರೆ ಅವರಿಗೆ ಕೆಲಸ ಚಿಕ್ಕದು ಅನ್ನಿಸುತ್ತದೆ.

ಪರ್ಪಲ್ ಲೈನ್ · ಶನಿವಾರ ಮಧ್ಯಾಹ್ನ 12:15

ಗೈಡ್ ಹತ್ತಿರ ಮಾತಾಡಿದೆ. ನೀವು ಹೇಳಿದ್ದು ಅರ್ಧ ನಿಜ ಆಯಿತು. ಪ್ರಶ್ನೆಗೆ ಒಪ್ಪಿದರು, ಎರಡು ಗುಂಪಿನ ವಿಚಾರ ಅವರಿಗೂ ಹಿಡಿಸಿತು. ಆದರೆ ಶೀರ್ಷಿಕೆಯಲ್ಲಿ "ಮಹಿಳಾ ಸಬಲೀಕರಣ" ಇರಲೇಬೇಕಂತೆ. ನೋಂದಣಿ ಆಗಿರುವುದು ಆ ವಿಷಯದಲ್ಲಿ, ಬದಲಾಯಿಸಿದರೆ ಮತ್ತೆ ಫೈಲು ಓಡಾಡಬೇಕು. ಸರಿ, ಶೀರ್ಷಿಕೆ ಅವರಿಗೆ ಬಿಟ್ಟೆ, ಒಳಗಿನ ಸಮಸ್ಯೆ ಹೇಳಿಕೆ ನನ್ನದು. ಮೇಷ್ಟ್ರು ಹೇಳಿದ ಹಾಗೆ ಗಂಟೆಯ ಲೆಕ್ಕ ಸೇರಿಸಿದ್ದೇನೆ. ಸೋಮವಾರ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ.

ನಿವೃತ್ತ ಮೇಷ್ಟ್ರು · 12:40

ಒಳ್ಳೇ ವ್ಯಾಪಾರ. ಶೀರ್ಷಿಕೆಗಾಗಿ ಗೈಡ್ ಜೊತೆ ಜಗಳ ಮಾಡಬೇಡಿ. "ಸಬಲೀಕರಣ" ಅಂದರೆ ಈ ಅಧ್ಯಯನದಲ್ಲಿ ಕೆಲಸದ ಆಯ್ಕೆ ಮತ್ತು ಗಂಟೆಯ ಗಳಿಕೆ ಅಂತ ಮೊದಲ ಅಧ್ಯಾಯದಲ್ಲೇ ಒಂದು ಪ್ಯಾರಾ ಬರೆದುಬಿಡಿ. ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಕೇಳಿದರೆ ಆ ಪುಟ ತೋರಿಸಿ.

ಡಿಪೋ ಸುದ್ದಿ · 1:05

ಮೇಡಂ, ಅರ್ಜಿಯಲ್ಲಿ 335ಇ ಅಂತ ಒಂದೇ ನಂಬರ್ ಹಾಕಬೇಡಿ. ಅದೇ ರಸ್ತೆಯಲ್ಲಿ ಬೇರೆ ನಂಬರಿನ ಬಸ್ಸುಗಳೂ ಓಡುತ್ತವೆ, ಆ ಹೆಂಗಸರು ಯಾವುದು ಬಂದರೂ ಹತ್ತುತ್ತಾರೆ. ನೀವೇ ಒಂದು ಬೆಳಗ್ಗೆ ದೊಮ್ಮಲೂರಿನಲ್ಲಿ ನಿಂತು ನಂಬರ್ ಎಲ್ಲ ಬರೆದುಕೊಂಡು ಹಾಕಿ. ಬಿಎಂಟಿಸಿ ಕೇಂದ್ರ ಕಚೇರಿ ಶಾಂತಿನಗರ ಬಸ್ ನಿಲ್ದಾಣದ ಹತ್ತಿರವೇ. ಕೈಯಲ್ಲೇ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ, ಊಟದ ಹೊತ್ತಿಗೆ ಹೋಗಬೇಡಿ.